ಕುರ್ಚಿ ಜಪ್ತಿ

ಬಾಗಲಕೋಟಿ ನವನಗರ. ಹನ್ನೊಂದೂವರಿ ಬಿಸಿಲು.
ಕೈಯಾಗ ಕೋರ್ಟಿನ ವಾರಂಟು, ಹಿಂದ ಒಂದು ಟಂಟಂ.
ನಾನು ಬೇಲಿಫ ಸತ್ಯಪ್ಪ ಮಾದರ,
ಸರ್ಕಾರದ ಪಗಾರ ತಿಂದು
ಸರ್ಕಾರದ್ದ ಕುರ್ಚಿ ಜಪ್ತಿ ಮಾಡಾಕ ಹೊಂಟೀನಿ.

ನಮ್ಮಜ್ಜ ಸಂಸ್ಥಾನದಾಗ ಹಲಗಿ ಬಾರಿಸ್ತಿದ್ದ.
ಆಗ ಕಾನೂನು ಅಂದ್ರ ವಾಡೇದಾಗ ಒಬ್ಬರ ಬಾಯಿ,
ಅಗಸ್ಯಾಗ ನಮ್ಮಜ್ಜನ ಹಲಗಿ.
ನಡುವ ಏನೂ ಇಲ್ಲ.
ದೊರಿ ನಕ್ಕರ ಮಾಫಿ, ಕೆಮ್ಮಿದರ ದಂಡ.
ಒಮ್ಮೆ ತನ್ನ ಆಡಿನ ಜಪ್ತಿ ತಾನ ಸಾರಿದನಂತ,
ಕೇಳ್ರಪೋ ಕೇಳ್ರಿ,
ಧ್ವನಿ ನಡುಗಲಿಲ್ಲಂತ.
ಆಡು ಮಾತ್ರ ಸಪ್ಪಳ ಗುರುತು ಹಿಡಿದು
ಅವನ ಕಡೇನ ಓಡಿ ಬಂತು.
ಹಲಗಿಗೆ ಬಿಗಿದಿದ್ದು ಅದರ ತಾಯಿ ಚರ್ಮ.

ಹಳ್ಳದ ಆಚಿ ದಂಡಿ ಮುಂಬೈ ಇಲಾಖಾ.
ಅಲ್ಲಿ ಕಾನೂನಿಗೆ ಕಾಗದ ಇತ್ತು, ಕಲಮು ಇತ್ತು, ಅಪೀಲೂ ಇತ್ತು,
ಅಪೀಲು ಕೇಳಾಂವ ಸಾಹೇಬನ ಮಂದೀನ.
ಈಚಿ ದಂಡ್ಯಾಗ ಕದ್ದಾಂವ
ಮೊಣಕಾಲ ನೀರು ದಾಟಿದರ ಬ್ಯಾರೆ ಕಲಮಿನ ಕಳ್ಳ.
ಅಜ್ಜ ಅಂತಿದ್ದ:
ನೀರಿಗೆ ಏನ್ ಗೊತ್ತು, ಯಾವ ದಂಡಿಗೆ ಯಾವ ಧಣಿ.

ಆಮ್ಯಾಲೆ ನೀರ ಎದ್ದು ಬಂತು, ಆಲಮಟ್ಟಿ ಹಿನ್ನೀರು,
ಹಳೇ ಊರಾಗ ಸಾಂವಕ್ಕನ ಮಗ್ಗದ ಮನೀಗೆ.
ಗ್ವಾಡಿಗೆ ರೇಟು ಕಟ್ಟಿದರು, ತೊಲಿಗೆ ಕಟ್ಟಿದರು, ಬಾಗಿಲ ಚೌಕಟ್ಟಿಗೂ.
ಮಗ್ಗದ ಕುಣಿಗೆ ಕಟ್ಟಲಿಲ್ಲ.
"ಕುಣಿ ಅಂದರೆ ಏನೂ ಇಲ್ಲದ್ದು, ಮಹಾಸ್ವಾಮಿ,"
ಸರ್ಕಾರಿ ವಕೀಲರು ಅಂದರು,
"ಏನೂ ಇಲ್ಲದ್ದಕ್ಕೆ ಏನು ಬೆಲೆ?"
ಸಾಂವಕ್ಕ ಕಟಕಟಿ ಹಿಡಕೊಂಡು ಅಂದಳು:
"ನಲವತ್ತು ವರ್ಷ ನನ್ನ ಕಾಲು ಅದರಾಗ ಇದ್ದೂವ್ರಿ."
ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಮತ್ತ ತಗೊಂಡರು.

ಆ ಒಂದು ಮಾತು ವಾರಂಟ ಆಗಾಕ
ಹದಿನೇಳು ವರ್ಷ ಹಿಡೀತು.

ಸಾಹೇಬರು ಎದ್ದು ನಿಂತರು.
"ಒಂದು ವಾರ ಕೊಡು, ಸತ್ಯಪ್ಪ."
"ನನ್ನ ಕಡೆ ವಾರ ಇಲ್ಲರಿ, ವಾರಂಟ ಐತಿ."
"ಟವೆಲ್ ಆದರೂ ತಗೀಲೇನು?"
ಪಟ್ಟಿ ನೋಡಿದೆ. ಟವೆಲ್ ಅದರಾಗ ಇರಲಿಲ್ಲ.
ತಗೊಳ್ರಿ ಅಂದೆ.

ಬಿಳಿ ಟವೆಲ್ ಸರಿದರ
ಬೆನ್ನಿಗೆ ಹರಿದ ರೆಗ್ಜಿನ್ನು, ಒಳಗ ಹಳದಿ ಸ್ಪಂಜು.
ಎತ್ತಿದೆ. ಹಗರ.
ಇಷ್ಟ ಹಗರ ಇರತೈತಿ ಅಂತ
ಅಜ್ಜಗ ಯಾರರ ಹೇಳಬೇಕಾಗಿತ್ತು.
ಮೆಟ್ಟಲ ಇಳಿಯೂಮುಂದ ಬಾಯಿ ತಾನ ತೆರೀತು, ಕೇಳ್ರಪೋ...
ನುಂಗಿಕೊಂಡೆ. ನೌಕರಿ.

ಕೋರ್ಟಿನ ಪಡಸಾಲ್ಯಾಗ ಇಳಿಸಿದೆ.
"ಕುಂದ್ರಬೇ" ಅಂದೆ ಸಾಂವಕ್ಕಗ.
ಹಿಂದ ಮುಂದ ನೋಡಿ ಕುಂತಳು.
ಕಾಲು ನೆಲಾ ಮುಟ್ಟಲಿಲ್ಲ.
ಗಾಳ್ಯಾಗ ಕುಣಿ ಹುಡುಕಿ
ಎಡಗಾಲು ಇಲ್ಲದ ಕಾಲ್ಮಣಿ ತುಳೀತು,
ಆಮ್ಯಾಲೆ ಬಲಗಾಲು.

ನಾಳೆ ಸ್ಟೇ ಬಂದೀತು.
ಬಂದರ ಇದ ಟಂಟಂ, ಇದ ಕುರ್ಚಿ, ಇದ ನಾನು,
ಒಯ್ದು ಅಲ್ಲೇ ಇಟ್ಟು ಸಹಿ ತಗೋಬೇಕು.
ಅದೂ ಕಾನೂನ.

ಟಂಟಂ ಬಾಡಿಗಿ ಯಾರು ಕೊಡಬೇಕು ಅನ್ನೂದು ಮಾತ್ರ
ಎಲ್ಲೂ ಬರದಿಲ್ಲ.