ಆಲು, ಆಲೂ

ನಮ್ ಪಾಂಡವಪುರದ ಕಡೆ ಬಾಯಲ್ಲಿ
'ಹ' ಅನ್ನೋ ಅಕ್ಸರ ನಿಲ್ಲಾಕಿಲ್ಲ.
ಅಳ್ಳಿ ಅಂತೀವಿ, ಊವು ಅಂತೀವಿ, ಆಲು ಅಂತೀವಿ.
ಮೇಷ್ಟ್ರು ಬೆತ್ತ ಮುರುದ್ರು, ಅಕ್ಸರ ಬರ್ನಿಲ್ಲ.

ಅಂಗಾಗಿ ಮೊದಲ್ನೆ ದಿನ
ಆಲೆಮನೆ ಕೆಲಸಕ್ಕೆ ಬಂದ ಲಲ್ಲನ್ನು
ನನ್ ಅಂಗಡಿ ಮುಂದೆ ನಿಂತು
ಬೆರಳಲ್ಲಿ ಸೊನ್ನೆ ಸುತ್ತಿ "ಆಲೂ" ಅಂದಾಗ
ಕಾಲು ಲೀಟ್ರು ಅಳುದ್ಕೊಟ್ಟೆ.
ಲೋಟ ನೋಡ್ದ. ನನ್ ಮಕ ನೋಡ್ದ.
ಕುಡುದ್ಬುಟ್ಟು ವೋದ.
ಮಾರ್ನೆ ದಿನ ಸೊನ್ನೆ ಇನ್ನೂ ದೊಡ್ಡದು ಸುತ್ತಿದ.
ಅರ್ಧ ಲೀಟ್ರು ಕೊಟ್ಟೆ.
ಮೂರ್ನೆ ದಿನ ಒಳಕ್ಕೇ ನುಗ್ಗಿ
ಗೋಣಿಚೀಲಕ್ಕೆ ಕೈ ಆಕಿ
ಒಂದು ಗೆಡ್ಡೆ ತಗ್ದು ಎದೆಮಟ್ಟಕ್ಕೆ ಎತ್ತಿ ಇಡ್ಕಂಡ,
ದೇವ್ರ ತೋರ್ಸ್ದಂಗೆ.

ಅವತ್ತಿಂದ ಸಾಲದ ಪುಸ್ತಕಾನ ತಿರುಗ್ಸಿ
ಕಡೇ ಆಳೆಯಿಂದ ಬರ್ಯಕ್ಕೆ ಸುರು ಮಾಡ್ದೆ.
ಅವ್ನ ಭೇಲಿ ಬೆಲ್ಲದ ಅಚ್ಚು, ನಮ್ ಬೇಲಿ ಕಳ್ಳಿ ಮುಳ್ಳು.
ಕಬ್ ಅಂದ್ರೆ ಯಾವಾಗ ಅಂತ.
"ಇಲ್ಲಿ ಯಾವಾಗ್ಲೂ ಕಬ್ಬೆ ಕಣಪ್ಪ" ಅಂದೆ. ನಗ್ನಿಲ್ಲ.
ಒಂದು ತಿಂಗ್ಳಾದ್ಮೇಲೆ ಒಲೆಗೆ ಸೋಗೆ ನೂಕ್ತಾ
ಒಬ್ನೆ ನಕ್ಕನಂತೆ.

ಕಲ್ ಅನ್ನೋದೊಂದು ಮಾತ್ರ ಬಗೆಅರೀನಿಲ್ಲ.
ನೆನ್ನೇನೂ ಕಲ್ಲಂತೆ, ನಾಳೇನೂ ಕಲ್ಲಂತೆ.
ಮಾತಿನ ಬಾಲ ನಂಗೆ ತಿಳೀತಿರ್ನಿಲ್ಲ.
ಕೊಟ್ಟೆ ಅಂದ್ನೋ, ಕೊಡ್ತೀನಿ ಅಂದ್ನೋ,
ಸಾಲ ಕೊಡೋಳ್ಗೆ ಇದು ಆಗ್ಬರೋ ಮಾತಾ?

ಅವ್ನೂ ನಮ್ದು ಕಲ್ತ.
ಅವ್ನ ಮಾತಲ್ಲಿ ಹೈ, ಹೂಂ ಅಂತ ಆ ಅಕ್ಸರ ರಾಸಿ ಬಿದ್ದಿದ್ರೂ
ನಮ್ದಾಡೋವಾಗ ಮೆಟ್ ಬುಟ್ಟಂಗೆ
ಬಾಗ್ಲಲ್ಲೆ ಬುಟ್ಟು ಬತ್ತಿದ್ದ.

ಚಳಿ ಕಾಲದ ಒಂದು ರಾತ್ರಿ ಕೊಪ್ಪರಿಗೆ ಉಕ್ತು.
ಪಾಕ ಮೊಣಕೈಗಂಟ ಅಂಟ್ಕತು.
"ನೀರು, ನೀರವ್ವಾ" ಅಂತ ಕೂಗ್ದ.
ನಾನು ಬಿಂದ್ಗೆ ಎತ್ಕಂಡು ಓಡ್ತಾ
"ಪಾನಿ ಬಂತು, ಪಾನಿ ಬಂತು" ಅಂತಿದ್ದೆ.
ಉರಿ ಬಿದ್ರೆ ತಾಯ್ ಮಾತೇ ಈಚೆಗೆ ಬತ್ತದೆ ಅಂತಾರೆ.
ಅಂದೋರು ಆಲೆಮನೆ ನೋಡ್ದೋರಲ್ಲ.

ಮಂಡ್ಯದ ಆಸ್ಪತ್ರೇಲಿ ಡಾಕ್ಟ್ರಮ್ಮ
"ಇವನ ಭಾಷೆ ಯಾರಿಗೆ ಬರುತ್ತೆ?" ಅಂತ ಕೇಳುದ್ರು.
ಕೈ ಎತ್ತಿದೆ. ನಲವತ್ತು ಮಾತಿನ ಪಂಡಿತೆ.
"ನೋವು ಎಷ್ಟಿದೆ ಕೇಳಿ" ಅಂದ್ರು.
ನೋವು ನನ್ ಪುಸ್ತಕದಲ್ಲಿ ಇರ್ನಿಲ್ಲ.
ಅದ್ನ ಯಾರೂ ಸಾಲಕ್ಕೆ ಕೇಳಿರ್ನಿಲ್ವಲ್ಲ.
ಅವ್ನ ಮಕ ನೋಡ್ದೆ.
ಅವ್ನು ಬೆರಳಲ್ಲಿ ಸೊನ್ನೆ ಸುತ್ತಿದ,
ದೊಡ್ಡದು.

ಅರೆಯೋದು ಮುಗೀತು, ರೈಲತ್ತಿ ವೋದ.
ಬಾಕಿ ಮುನ್ನೂರ ನಲವತ್ತು. ಕಲ್ ಅಂದವ್ನೆ.
ಗೀಟು ಎಳ್ದಿಲ್ಲ.
ಬೆಳಿಗ್ಗೆ ಯಾವ್ದಾರ ಮಗ ಚೊಂಬಿಡ್ಕಂಡು
"ಆಲು" ಅಂತ ಬಂದ್ರೆ
ಈಗ್ಲೂ ಒಂದು ಗಳಿಗೆ
ಕ್ಯಾನ್ ಕಡೆ ನೋಡ್ತೀನಿ,
ಚೀಲದ ಕಡೆ ನೋಡ್ತೀನಿ.