ಕೊನೆಯ ಹೆಸರು

ಬುರೇಲ ಬಂದರಿನ ಮೀನುಹರಾಜು ಕಟ್ಟೆ, ನಸುಕಿನ ನಾಲ್ಕು ಗಂಟೆ.
ಮಂಜುಗಡ್ಡೆಯ ಮೇಲೆ ಬಂಗುಡೆ, ಬೂತಾಯಿ, ಕಣ್ಣು ಮುಚ್ಚದ ಟ್ಯೂನಾ.
ಮೇಲಿನ ಗಾಜಿನ ಕೋಣೆಯಲ್ಲಿ ಸಬೇಲಾ
ತನಗಿಂತ ಎರಡೇ ವರ್ಷ ಕಿರಿಯ ಪರ್ಲ್ ಪ್ರೋಗ್ರಾಮಿನ ಮುಂದೆ
ಆರಿದ ಕಾಫಿ ಹಿಡಿದು ಕೂತಿದ್ದಾಳೆ.

ಮೂರು ಪೆಟ್ಟಿಗೆ ಇಳಿಸಿದ ದೋಣಿಯ ಲೆಕ್ಕಕ್ಕೆ
ಅರವತ್ತೊಂದು ಪೆಟ್ಟಿಗೆ ಬಿದ್ದಿದೆ.
ಯಜಮಾನ ಎವಾರಿಸ್ತೊ ಕೆಳಗಿನಿಂದಲೇ ಕೂಗಿದ:
"ಉಳಿದ ಐವತ್ತೆಂಟು ಎಲ್ಲಿ ತಾಯಿ, ನಿನ್ನ ಮೇಜಿನ ಕೆಳಗಾ?"

ಸಾಲು ಸಿಕ್ಕಿತು. ಯಾರೋ ಅವಸರದಲ್ಲಿ
ತೂಕಗಳನ್ನು ಕಂಸದಲ್ಲಿ ಹಾಗೇ ಸುರಿದಿದ್ದರು, (12, 40, 61),
ಒಂಟಿ $ ಗುರುತಿನ ಪಾತ್ರೆಗೆ.
ಒಂದೇ ಒಂದು ಹಿಡಿಸುವ ಪಾತ್ರೆ.
ಹನ್ನೆರಡು ಬಂತು, ಬಿತ್ತು. ನಲವತ್ತು ಬಂತು, ಬಿತ್ತು.
ಅರವತ್ತೊಂದು ಉಳಿಯಿತು.

ಪಟ್ಟಿಯೆಂದರೆ ಹರಾಜುಗಾರನ ಕೂಗು,
ಕೂಗುವಷ್ಟು ಹೊತ್ತು ಇದೆ.
ಅದಕ್ಕೆ ಹೆಸರಿಲ್ಲ. ನಾಳೆ ಕರೆದರೆ ಓಗೊಡುವುದಿಲ್ಲ.
ಇನ್ನೊಂದು ಮೀನು ತಂದು ತುರುಕಲು
ಎಲ್ಲಿ ಅಂತ ತುರುಕುತ್ತೀ?

ಅರೇ ಬೇರೆ. ಕನ್ನಡದ ಕಿವಿಗೆ ಅದು ಅರೆಯೇ ಸರಿ,
ಕಪಾಟಿನ ಅರೆ, ಸೊನ್ನೆಯಿಂದ ಎಣಿಸಬೇಕಾದ್ದು.
@ ಎಂಬ ಬಸವನಹುಳುವಿನ ಚಿಪ್ಪು ಹೊತ್ತು
ತನ್ನದೊಂದು ಹೆಸರಿಟ್ಟುಕೊಂಡು ಕೂತಿರುತ್ತದೆ.
ತುದಿಗೆ ಸೇರಿಸಿದರೆ ಸೇರಿಸಿಕೊಳ್ಳುತ್ತದೆ, ಕೇಳಿದರೆ ಕೊಡುತ್ತದೆ.
ಒಂದೇ ಮಾತಿನಲ್ಲಿ ಹೇಳು ಎಂದರೆ
ಮೀನಿನ ಸುದ್ದಿ ಎತ್ತದೆ "ಮೂರು" ಎನ್ನುತ್ತದೆ.

ತಿದ್ದಬೇಕಾದದ್ದು ಒಂದು ಸಾಲು.
ಬೆರಳು ಯಾಕೋ ನಿಂತಿತು.

ಅಜ್ಜಿ ಎರ್ಮಿಟಾಸಳ ಅಣ್ಣಂದಿರ ದೋಣಿ
ಒಂದು ಫೆಬ್ರವರಿ ಹೋದದ್ದು ಬರಲಿಲ್ಲ.
ಬಂದರು ಕಚೇರಿಯ ರಿಜಿಸ್ಟರಿನಲ್ಲಿ ಅಂಕಿಯಿದೆ: ಏಳು.
ಅಜ್ಜಿ ಮೀನು ಹೆಚ್ಚುತ್ತ ಏಳೂ ಹೆಸರು ಹೇಳುತ್ತಿದ್ದಳು
ಒಂದೇ ಉಸಿರಿಗೆ, ಅದೇ ಕ್ರಮದಲ್ಲಿ.
ನಾಲಿಗೆ ಸೋತ ಮೇಲೆ, ಯಾರಾದರೂ ಆ ದೋಣಿಯ ಮಾತೆತ್ತಿದರೆ
ತುಟಿ ಆರು ಸಲ ಸದ್ದಿಲ್ಲದೆ ಅಲುಗಿ
ಹೊರಬೀಳುತ್ತಿದ್ದುದು ಕೊನೆಯದೊಂದೇ:
"ಅಮಾರೊ."
ಹದಿನಾರರ ಹುಡುಗ. ಅಡುಗೆಗೆಂದು ಹತ್ತಿಸಿಕೊಂಡಿದ್ದರು.

ಎವಾರಿಸ್ತೊನ ಲೆಕ್ಕ ಮೂರಕ್ಕಿಳಿಯಿತು. ಕೆಳಗಿನಿಂದ ಶಿಳ್ಳೆ.
ಸಬೇಲಾ ಹೊಸ ಕಡತ ತೆರೆದು @ ಒತ್ತಿದಳು,
ಗೊತ್ತಿದ್ದ ಹೆಸರುಗಳನ್ನು ಒಂದೊಂದೇ ಅರೆಗಿಟ್ಟಳು.
ಆರನೇ ಅಂಕಿಯ ಅರೆಗೆ ಅಮಾರೊ.
ನಾಲ್ಕರಲ್ಲಿ ಯಾರು?
ಅಮ್ಮನಿಗೂ ನೆನಪಿಲ್ಲ, ಕಚೇರಿಗೆ ಮೊದಲೇ ಇಲ್ಲ.
ಖಾಲಿ ಬಿಟ್ಟು, ಎಣಿಸು ಎಂದಳು.

ಏಳು, ಎಂದಿತು.