ವೋಚರ್ ನಂಬರ್ ನಲವತ್ತೊಂದು

ಬಂದರಿನ ಯಾವುದೋ ಕಚೇರಿ ಬಾಗಿಲು ಹಾಕುವಾಗ
ನಮ್ಮ ಶಾಲೆಗೆ ಕೊಟ್ಟುಹೋದ ಪ್ರೊಜೆಕ್ಟರು.
ಮೈಮೇಲೆ ಇನ್ನೂ ಅದಿರಿನ ಧೂಳು;
ಒದ್ದೆ ಬಟ್ಟೆಯಲ್ಲಿ ಒರೆಸಿದರೆ
ಬಟ್ಟೆಯೇ ಕೆಂಪಾಯಿತು.

ಕಂಪ್ಯೂಟರು ಇರುವುದು ನನ್ನ ಮೇಜಿನ ಮೇಲೆ,
ಬಿಳಿ ಗೋಡೆ ಇರುವುದು ಏಳನೆಯ ಇಯತ್ತೆಯಲ್ಲಿ,
ವೈರಿನ ಉದ್ದ ಒಂದೂವರೆ ಮೀಟರು.
ತೊಡೆಯ ಮೇಲಿಟ್ಟು ಒಯ್ಯುವ ಜಾತಿಯದಲ್ಲ ಇದು.
ಸಿಪಿಯು ನಾನೆತ್ತಿಕೊಂಡೆ,
ಮಾನಿಟರನ್ನು ಹುದ್ದಾರ ಸರ್ ಎದೆಗವಚಿಕೊಂಡರು,
ಯುಪಿಎಸ್ಸನ್ನು ಆರಿಸದೆಯೇ ಹೊತ್ತ ದಾವಲಸಾಬ
ಓಣಿಯುದ್ದಕ್ಕೂ ಅದರ ಕೀಂಕೀಂ ಬೈಗುಳ ಕೇಳಿದ.

ರವಿವಾರ ಹತ್ತೂವರೆ, ಝುವಾರಿನಗರ, ಪಾಲಕರ ಸಭೆ.
ಸೆಂಟ್ರಿಂಗಿನವರು, ಬಾರ್ಜಿಗೆ ಬಣ್ಣ ಬಳಿಯುವವರು,
ಹೋಟೆಲಿನ ಚಾದರ ಒಗೆಯುವವರು
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದಾರೆ.

ಸಿಪಿಯುವಿನ ಬೆನ್ನಿಗೆ ಒಂದೇ ಥರದ ಎರಡು ಬಾಯಿ,
ಒಂದು ನಿಂತದ್ದು, ಒಂದು ಮಲಗಿದ್ದು.
ನಿಂತದ್ದಕ್ಕೆ ಸಿಕ್ಕಿಸಿದೆ.
ಗೋಡೆ ನೀಲಿಯಾಗಿ ‘ಸಿಗ್ನಲ್ ಇಲ್ಲ’ ಎಂದಿತು.
‘ಸಿಗ್ನಲ್ ಇಲ್ಲಂದ್ರ ನಿಂದ್ರೂದ್ರೀ’ ಎಂದ ಹಿಂದಿನಿಂದ
ರೈಲ್ವೆ ಗ್ಯಾಂಗಿನ ಯಮನಪ್ಪ. ಎಲ್ಲರೂ ನಕ್ಕರು.
ಕಿತ್ತು ಇನ್ನೊಂದಕ್ಕೆ ಹಾಕಿದೆ.
ನಿಂತದ್ದು ಯಾವಾಗಲೋ ಸತ್ತಿತ್ತು,
ಮಲಗಿದ್ದೇ ಎಚ್ಚರವಿತ್ತು.

ವಿಂಡೋಸ್ ಕೀಲಿ ಹಿಡಿದು ಪಿ ಒತ್ತಿದರೆ ನಾಲ್ಕು ದಾರಿ.
ಸರ್ ‘ಎಕ್ಸ್‌ಟೆಂಡ್’ ಒತ್ತಿದರು.
ಬಾಣದ ಗುರುತು ಮಾನಿಟರಿನ ಅಂಚಿಗೆ ಹೋಗಿ
ಇಲ್ಲಿ ಮಾಯ, ಗೋಡೆಯ ಮೇಲೆ ಹಾಜರು,
ಅನಮೋಡ ಘಟ್ಟ ಇಳಿದ ಲಾರಿಯ ಹಾಗೆ.
ಸಾಮಾನೆಲ್ಲ ಈಚೆಗೇ ಉಳಿದು
ಅದೊಂದೇ ಅಲ್ಲಿ ಅಡ್ಡಾಡಿತು.
‘ಡುಪ್ಲಿಕೇಟ್ ಒತ್ತಿರಿ’ ಎಂದೆ.
ವರ್ಷಕ್ಕೆ ಮೂವತ್ತು ಡುಪ್ಲಿಕೇಟ್ ಟಿ.ಸಿ. ಬರೆಯುವವಳು,
ಆ ಪದದ ಮೇಲೆ ನನಗೆ ನಂಬಿಕೆ.

ಬಂತು. ಸ್ನೇಹಸಮ್ಮೇಳನದ ಫೋಟೋ,
ಎಂಟು ಹುಡುಗಿಯರ ಕುಣಿತ.
ಆಕಾಶ ಸರಿಯಿದೆ, ಎಲೆ ಸರಿಯಿದೆ,
ಮುಖಗಳಿಗೆ ಮಾತ್ರ ಪಾಚಿಯ ಬಣ್ಣ.
ಸರ್ ಬಲ್ಬನ್ನು ದೂರಿದರು, ನಾನು ಕಿಟಕಿ ಮುಚ್ಚಿದೆ,
ದಾವಲಸಾಬ ಮೇಲೊಂದು ಮೆಲ್ಲನೆ ಗುದ್ದಿದ.

‘ಇದು ನನ್ನ ಮಗಳಲ್ರೀ ಅಕ್ಕಾರ’
ಎಂದವಳು ಘಮಲಿಬಾಯಿ, ಬೋಗ್ಮಾಳೊ ಬೀಚಿನಲ್ಲಿ ಸರ ಮಾರುವವಳು.
‘ನಾ ಕರೀ ಲಂಗಾ ಹೊಲದಿಲ್ಲ.’

ಎದ್ದು ಬೆಳಕಿಗೆ ಅಡ್ಡ ಬಂದಳು.
ಕುಪ್ಪಸದ ಕನ್ನಡಿಗಳಿಗೆ ಬೆಳಕು ತಾಗಿ
ಮಾಡಿನ ತಗಡಿಗೆಲ್ಲ ಚಿಕ್ಕಿ ಸಿಡಿದವು;
ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳು ಓ ಎಂದರು,
ನಾವು ಅಷ್ಟು ಹೊತ್ತು ಮಾಡಿದ್ದಕ್ಕೆ ಓ ಅನ್ನದ ಮಕ್ಕಳು.

ವೈರಿನ ತುದಿ ಬಿಚ್ಚಿಸಿಕೊಂಡಳು.
ಒಳಗೆ ಐದೈದರ ಮೂರು ಸಾಲು ಸೂಜಿ.
ನಾವು ಇಷ್ಟು ದಿನ ಅದನ್ನು ನೀಲಿ ಪ್ಲಗ್ಗು ಅಂದುಕೊಂಡಿದ್ದೆವು;
ಅವಳು ಸೂಜಿ ಎಂದೇ ನೋಡಿದಳು.
ಮೇಲಿನ ಸಾಲಿನ ತುದಿಯದು
ಅಡ್ಡಬಿದ್ದಿತ್ತು.
ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ತನ್ನದನ್ನು ತೆಗೆದು,
ಕಿಟಕಿಯ ಒಂದು ಕದ ತೆರೆದು,
ಉಸಿರು ಹಿಡಿದು
ಎಬ್ಬಿಸಿ ನಿಲ್ಲಿಸಿದಳು.

ಕೆಂಪು ಬಂತು.
ಲಂಗಕ್ಕೆ, ರಿಬ್ಬನ್ನಿಗೆ, ಹಿಂದೆ ಗೋಡೆಗೆ ತೂಗುಹಾಕಿದ
ಬೆಂಕಿ ಆರಿಸುವ ಬಕೇಟಿಗೆ.
ಯಾರೋ ಚಪ್ಪಾಳೆ ತಟ್ಟಿದರು.
ಅವಳು ಗೋಡೆಯ ಹತ್ತಿರ ಹೋಗಿ
ಆಳೆತ್ತರದ ಮಗಳ ಲಂಗದಂಚನ್ನು ಮುಟ್ಟಿ,
‘ಅಯ್ಯ, ಕೆಳಗ ಹೊಲಿಗಿ ಬಿಚ್ಚಿತ್ತಲ್ಲ’ ಎಂದಷ್ಟೇ ಅಂದಳು.

ಸಂಜೆ ಎಲ್ಲ ಮತ್ತೆ ಹೊತ್ತು ತಂದು
ವೋಚರ್ ಬರೆಯಲು ಕೂತೆ.
ಚಹಾ, ನಾಲ್ಕುನೂರ ಹತ್ತು. ಬಿಸ್ಕೀಟು, ನೂರಾ ಎಂಬತ್ತು.
ಪ್ರೊಜೆಕ್ಟರ್ ದುರಸ್ತಿ,
ಮೊತ್ತದ ಜಾಗದಲ್ಲಿ ಒಂದು ಗೆರೆ.
ಮಾಡಿದವರ ಸಹಿ ಎಂಬಲ್ಲಿ
ಸರ್ ತಮ್ಮದು ಹಾಕಲು ಪೆನ್ನು ತೆಗೆದರು.
ಬೇಡ ಎಂದೆ.
ಸೋಮವಾರ ಮಗಳನ್ನು ಬಿಡಲು ಬರುತ್ತಾಳೆ.
ಒಣಗಿಹೋದ ಸ್ಟಾಂಪ್ ಪ್ಯಾಡಿಗೆ
ಎರಡು ಹನಿ ನೀರು ಬಿಟ್ಟಿಟ್ಟಿದ್ದೇನೆ.